ಮೆಡಿಕಲ್ ಕೋಡಿಂಗ್ ಕೋರ್ಸಿಗೆ 45 ಸಾವಿರ ಕೇಳುತ್ತಿದ್ದಾರೆ. ಕಟ್ಟೋದಾ, ಬೇಡ್ವಾ?

ಗೋಣಿಕೊಪ್ಪದ ಹುಡುಗಿ · ಮಂಗಳವಾರ, ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೈಕೋಬೇಡಿ.

ಬಿಎಸ್ಸಿ ಮುಗಿಸಿ ಎರಡು ವರ್ಷ ಆಯ್ತು. ಈಗ ಇಲ್ಲೇ ಒಂದು ಮೆಡಿಕಲ್ ಶಾಪ್‌ನಲ್ಲಿ ಕೆಲಸ. ಡಾಕ್ಟರ ಕೈಬರಹ ಓದೋದೊಂದು ಚೆನ್ನಾಗಿ ಬರುತ್ತದೆ, ಅಷ್ಟೇ ನನ್ನ ಅನುಭವ. ಮೊನ್ನೆ ಮೈಸೂರಿನ ಒಂದು ಸೆಂಟರ್‌ನವರು ಫೋನ್ ಮಾಡಿದ್ದರು. ಮೆಡಿಕಲ್ ಕೋಡಿಂಗ್ ಮತ್ತು ಬಿಲ್ಲಿಂಗ್, ಮೂರು ತಿಂಗಳ ಕೋರ್ಸ್, 45 ಸಾವಿರ, ಕೆಲಸ ಗ್ಯಾರಂಟಿ ಅಂದರು. ಇವತ್ತೇ 5 ಸಾವಿರ ಹಾಕಿದರೆ ಸೀಟು, ನಾಳೆ ಆದರೆ ಹೇಳೋಕಾಗಲ್ಲ ಅಂತ ಬೇರೆ.

ಅಪ್ಪ "ಮೆಣಸು ಮಾರಿದ ದುಡ್ಡಿದೆ, ಕಟ್ಟು" ಅನ್ನುತ್ತಾರೆ. ಅಮ್ಮ "ಇವಳಿಗೆ ಕಂಪ್ಯೂಟರ್ ಕೋಡಿಂಗ್ ಎಲ್ಲಿ ಬರುತ್ತೆ" ಅನ್ನುತ್ತಾರೆ. ಅದು ಆ ಕೋಡಿಂಗ್ ಅಲ್ಲ ಅಂತ ಹೇಳಿದೆ. ಹಾಗಾದರೆ ಯಾವುದು ಅಂತ ಕೇಳಿದರು. ಅಲ್ಲಿಗೆ ನಾನೂ ಸುಮ್ಮನಾದೆ.

ಗೊತ್ತಿರುವವರು ಹೇಳಿ. ಇದು ಏನು ಕೆಲಸ? ಕೋಡಿಂಗ್ ಬೇರೆ, ಬಿಲ್ಲಿಂಗ್ ಬೇರೆನಾ? ಮನೆಯಲ್ಲೇ ಓದಿ ಕಲಿಯಬಹುದಾ? ನಮ್ಮ ಕಡೆ ಕರೆಂಟ್ ಕಥೆ ನಿಮಗೆ ಗೊತ್ತೇ ಇದೆ.

ರೈಟರ್ ಮಗ · 9:20

ಇವತ್ತೇ ಕಟ್ಟು, ನಾಳೆ ಇಲ್ಲ ಅನ್ನುವವರಿಗೆ ಯಾವತ್ತೂ ಕಟ್ಟಬೇಡಿ. ಇನ್ನೇನೂ ಗೊತ್ತಿಲ್ಲ ನನಗೆ.

ಸಂಪಾಜೆ ಘಾಟಿ · 9:26

ನನ್ನ ಭಾವನ ಮಗ ಇದೇ ಕೆಲಸ ಮಾಡುವುದು ಮಾರಾಯ್ರೆ. ಎಂತ ಮಾಡ್ತೀಯ ಅಂತ ಕೇಳಿದರೆ "ಅಮೆರಿಕದವರ ಕಾಯಿಲೆಗೆ ನಂಬರ್ ಹಾಕುವುದು" ಅಂತಾನೆ. ಸಂಬಳ ಉಂಟು, ಕಾರೂ ಉಂಟು. ಹೆಣ್ಣು ಮಾತ್ರ ಸಿಕ್ಕಿಲ್ಲ, ಕೆಲಸ ಏನು ಅಂತ ಹುಡುಗಿ ಮನೆಯವರಿಗೆ ಅರ್ಥ ಆಗುವುದಿಲ್ಲ ಅಂತೆ.

ಕೋಡರ್ ಅಕ್ಕ · 10:05

ಸಂಪಾಜೆಯವರ ಭಾವನ ಮಗ ಸರಿಯಾಗೇ ಹೇಳಿದ್ದಾನೆ 😀 ನಾನು ವಿರಾಜಪೇಟೆಯವಳು, ಎಂಟು ವರ್ಷದಿಂದ ಇದೇ ಕೆಲಸ. ಬಿಡಿಸಿ ಹೇಳುತ್ತೇನೆ.

ನೀವು ಕಾಫಿ ಮಾರೋಕೆ ಹೋದಾಗ ವ್ಯಾಪಾರಿ ಏನು ಬರೆದುಕೊಳ್ಳುತ್ತಾನೆ? ಈ ಮೂಟೆ ಯಾವ ಗದ್ದೆ ಪಕ್ಕದ ತೋಟದ್ದು, ಯಾರು ಕೊಯ್ದರು, ಎಷ್ಟು ಬಿಸಿಲಿಗೆ ಹಾಕಿದರು ಅಂತೆಲ್ಲ ಬರೆಯಲ್ಲ. ರೋಬಸ್ಟಾ ಚೆರಿ, ಇಷ್ಟು ಔಟ್‌ಟರ್ನ್ (ಮೂಟೆಗೆ ಸಿಗುವ ಬೀಜದ ತೂಕ), ಇಷ್ಟು ಮೂಟೆ. ಮುಗೀತು. ಅಷ್ಟು ನೋಡಿದರೆ ಮಂಗಳೂರಲ್ಲಿ ಕೂತವನಿಗೂ ದುಡ್ಡೆಷ್ಟು ಅಂತ ಗೊತ್ತಾಗುತ್ತದೆ. ಕೋಡಿಂಗೂ ಅಷ್ಟೇ. ಡಾಕ್ಟರು ಎರಡು ಪುಟ ಬರೆದಿರುತ್ತಾರೆ. ಅದನ್ನು ಓದಿ, ರೋಗಿಗೆ ಏನಾಗಿತ್ತು, ಏನು ಮಾಡಿದರು ಅನ್ನೋದನ್ನು ಎಲ್ಲ ಕಡೆ ಒಂದೇ ಅರ್ಥ ಕೊಡುವ ಕೋಡ್‌ಗೆ ಇಳಿಸೋದು.

ನಮ್ಮವರು ಮಾಡೋದು ಹೆಚ್ಚಾಗಿ ಅಮೆರಿಕದ ಚಾರ್ಟ್, ಅಂದರೆ ರೋಗಿಯ ದಾಖಲೆ. ಅದಕ್ಕೆ ಮೂರು ಪುಸ್ತಕ. ಕಾಯಿಲೆಗೆ ಐಸಿಡಿ-10-ಸಿಎಂ. ಡಾಕ್ಟರು ಮಾಡಿದ ಕೆಲಸಕ್ಕೆ ಸಿಪಿಟಿ, ಇದು ಅಲ್ಲಿನ ಡಾಕ್ಟರ ಸಂಘದ್ದು, 1966ರಿಂದ ಇದೆ. ಆಂಬುಲೆನ್ಸು, ಗಾಲಿಕುರ್ಚಿ, ಕೆಲವು ಇಂಜೆಕ್ಷನ್ ಇಂಥದ್ದಕ್ಕೆ ಎಚ್‌ಸಿಪಿಸಿಎಸ್. ದೊಡ್ಡ ಆಸ್ಪತ್ರೆಯಲ್ಲಿ ಅಡ್ಮಿಟ್ ಆಗಿ ಆಪರೇಷನ್ ಆದರೆ ನಾಲ್ಕನೆಯದು ಒಂದಿದೆ, ಐಸಿಡಿ-10-ಪಿಸಿಎಸ್, ಏಳು ಅಕ್ಷರದ್ದು. ಅದನ್ನು ಈಗಲೇ ಮುಟ್ಟಬೇಡಿ, ತಲೆ ಕೆಡುತ್ತದೆ.

ಉದಾಹರಣೆಗೆ ಐ10 ಅಂದರೆ ಬಿಪಿ. ಇ11.9 ಅಂದರೆ ಟೈಪ್ 2 ಸಕ್ಕರೆ ಕಾಯಿಲೆ, ಅದರಿಂದ ಬೇರೆ ತೊಂದರೆ ಆಗಿಲ್ಲ ಅಂತ. ಮೆಡಿಕಲ್ ಶಾಪ್‌ನಲ್ಲಿ ದಿನಾ ಈ ಎರಡಕ್ಕೇ ಮಾತ್ರೆ ಕೊಡುತ್ತಿರುತ್ತೀರಿ ಅಲ್ವಾ?

ಗೋಣಿಕೊಪ್ಪದ ಹುಡುಗಿ · 10:14

ಹೌದು ಅಕ್ಕ! ಬೆಳಿಗ್ಗೆಯಿಂದ ಸಂಜೆವರೆಗೆ ಅದೇ. ಇಷ್ಟನ್ನೂ ಬಾಯಿಪಾಠ ಮಾಡಬೇಕಾ?

ಕೋಡರ್ ಅಕ್ಕ · 10:17

ಅಯ್ಯೋ ಇಲ್ಲ. ಐಸಿಡಿ-10-ಸಿಎಂನಲ್ಲಿ 70 ಸಾವಿರಕ್ಕೂ ಮೇಲೆ ಕೋಡ್ ಇದೆ. ಪರೀಕ್ಷೆಗೂ ಪುಸ್ತಕ ತಗೊಂಡೇ ಹೋಗೋದು. ಬಾಯಿಪಾಠದವರು ಈ ಕೆಲಸದಲ್ಲಿ ಬೇಗ ಬೀಳುತ್ತಾರೆ, ಯಾಕಂದರೆ ಪ್ರತಿ ಅಕ್ಟೋಬರ್ 1ಕ್ಕೆ ಕೋಡ್ ಬದಲಾಗುತ್ತದೆ. ಸಿಪಿಟಿ ಜನವರಿ 1ಕ್ಕೆ.

ಸಿದ್ದಾಪುರ ಟಸ್ಕರ್ · 10:31

70 ಸಾವಿರ ಇದ್ದರೆ ಆನೆಗೂ ಒಂದು ಇರಬೇಕಲ್ಲ?

ಕೋಡರ್ ಅಕ್ಕ · 10:34

ಇಲ್ಲ ಅಣ್ಣ. ಬೆಕ್ಕು, ಕುದುರೆ, ಹಸು, ಹಂದಿ, ರಕೂನ್ ಎಲ್ಲಕ್ಕೂ ಬೇರೆ ಬೇರೆ ಇದೆ. ಹಸು ಗುದ್ದಿದರೆ ಡಬ್ಲ್ಯು55.22, ಕಚ್ಚಿದರೆ ಡಬ್ಲ್ಯು55.21. ಆನೆ "ಇತರ ಸಸ್ತನಿ"ಗಳ ಜೊತೆ.

ಸಿದ್ದಾಪುರ ಟಸ್ಕರ್ · 10:35

ಇತರ ಸಸ್ತನಿ!! ಇದನ್ನು ಬರೆದವರು ಒಂದು ಸಲ ಸಂಜೆ ಆರರ ಮೇಲೆ ನಮ್ಮ ತೋಟದ ರಸ್ತೆಗೆ ಬರಲಿ.

ಭಾಗಮಂಡಲ ಮಳೆ · 10:41

ಜಿಗಣೆಗೆ?

ಕೋಡರ್ ಅಕ್ಕ · 10:43

ಇದೆ ಇದೆ. ಬಿ88.3. ಮೈಮೇಲೆ ಹತ್ತಿದ ಜಿಗಣೆ. ಒಳಗೆ ಹೋದರೆ ಬಿ83.4. ನಮ್ಮ ರಾಜ್ಯದ ಹೆಸರು ಉಳಿಸಿದ ಕೋಡೂ ಒಂದಿದೆ. ಎ98.2, ಕ್ಯಾಸನೂರು ಕಾಡಿನ ಕಾಯಿಲೆ. ನಮ್ಮ ಮಂಗನ ಕಾಯಿಲೆ. 1957ರಲ್ಲಿ ಸೊರಬದ ಆ ಕಾಡಲ್ಲಿ ಮಂಗ ಸತ್ತು ಗೊತ್ತಾಗಿದ್ದು. ಟ್ರೈನಿಂಗಲ್ಲಿ ಅದನ್ನು ಪುಸ್ತಕದಲ್ಲಿ ನೋಡಿ ಕೂಗಿಕೊಂಡುಬಿಟ್ಟಿದ್ದೆ, ಪಕ್ಕದವಳು ಹೆದರಿದಳು.

ರಾತ್ರಿ ಪಾಳಿ · 11:50

ಈಗ ಬ್ರೇಕ್. ಬಿಲ್ಲಿಂಗ್ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳುತ್ತೇನೆ. ಎಆರ್ ಕಾಲಿಂಗ್‌ನಲ್ಲಿ, ಅಂದರೆ ಬಾಕಿ ದುಡ್ಡಿಗೆ ಫೋನ್ ಮಾಡುವ ಕೆಲಸದಲ್ಲಿ ಆರು ವರ್ಷ. ಊರು ಕುಶಾಲನಗರ.

ಕೋಡರ್ ಕೋಡ್ ಹಾಕಿದ ಮೇಲೆ ಅದು ಕ್ಲೇಮ್, ಅಂದರೆ ಇನ್ಶೂರೆನ್ಸ್ ದುಡ್ಡು ಕೇಳುವ ಅರ್ಜಿ ಆಗುತ್ತದೆ. ಡಾಕ್ಟರ ಬಿಲ್ಲಾದರೆ ಸಿಎಂಎಸ್-1500 ಅನ್ನುವ ಫಾರಂ, ಆಸ್ಪತ್ರೆ ಬಿಲ್ಲಾದರೆ ಯುಬಿ-04. ಅದು ಕ್ಲಿಯರಿಂಗ್ ಹೌಸ್ (ಕ್ಲೇಮ್ ಪರಿಶೀಲಿಸಿ ಮುಂದೆ ಕಳಿಸುವ ಮಧ್ಯವರ್ತಿ) ಮೂಲಕ ಇನ್ಶೂರೆನ್ಸ್ ಕಂಪನಿಗೆ ಹೋಗುತ್ತದೆ. ಕಂಪನಿ ದುಡ್ಡು ಕೊಡುತ್ತದೆ, ಇಲ್ಲವೇ ಒಂದು ಕಾರಣ ಬರೆದು ವಾಪಸ್ ಕಳಿಸುತ್ತದೆ. ಇದನ್ನು ಡಿನಯಲ್ ಅನ್ನೋದು. ಆಗ ನಾನು ಅಮೆರಿಕಕ್ಕೆ ಫೋನ್ ಮಾಡಿ, ಅರ್ಧ ಗಂಟೆ ಅವರ ಸಂಗೀತ ಕೇಳಿ, "ಯಾಕಮ್ಮ ಕೊಟ್ಟಿಲ್ಲ" ಅಂತ ಕೇಳಬೇಕು. ನನ್ನ ಇಡೀ ಜೀವನ ಇದೇ.

ಕಾರಣಕ್ಕೂ ಕೋಡ್ ಇದೆ. ಸಿಓ ಅಂತ ಶುರುವಾದರೆ ಅದನ್ನು ರೋಗಿ ಹತ್ತಿರ ಕೇಳೋ ಹಾಗಿಲ್ಲ, ಡಾಕ್ಟರೇ ಬಿಟ್ಟುಕೊಡಬೇಕು. ಪಿಆರ್ ಅಂದರೆ ರೋಗಿ ಕೊಡಬೇಕಾದ್ದು. ಪಿಆರ್-1 ಡಿಡಕ್ಟಿಬಲ್ (ಇನ್ಶೂರೆನ್ಸ್ ಕೊಡೋ ಮೊದಲು ರೋಗಿ ಭರಿಸಬೇಕಾದ ಮೊತ್ತ), ಪಿಆರ್-3 ಕೋಪೇ (ಪ್ರತಿ ಭೇಟಿಗೆ ರೋಗಿ ಕೊಡೋ ನಿಗದಿತ ದುಡ್ಡು). ಸಿಓ-29 ಅಂದರೆ ತಡವಾಗಿ ಕಳಿಸಿದ್ದೀರಿ. ಮೆಡಿಕೇರ್ (ಅಲ್ಲಿನ ಸರ್ಕಾರಿ ಇನ್ಶೂರೆನ್ಸ್) ಒಂದು ವರ್ಷ ಟೈಮ್ ಕೊಡುತ್ತದೆ, ಖಾಸಗಿ ಕಂಪನಿಗಳಲ್ಲಿ ಕೆಲವು ಮೂರೇ ತಿಂಗಳು.

ಹುಡುಗಿ ಕೇಳಿದ್ದಕ್ಕೆ ನೇರ ಉತ್ತರ: ಕೋಡಿಂಗ್ ಅಂದರೆ ಓದುವ ಕೆಲಸ, ಹೆಚ್ಚಾಗಿ ಹಗಲು. ಎಆರ್ ಅಂದರೆ ಮಾತಾಡುವ ಕೆಲಸ, ರಾತ್ರಿ. ಬಿಲ್ಲಿಂಗ್‌ನಲ್ಲೇ ಚಾರ್ಜ್ ಎಂಟ್ರಿ (ಬಿಲ್ಲಿನ ವಿವರ ತುಂಬೋದು), ಪೇಮೆಂಟ್ ಪೋಸ್ಟಿಂಗ್ (ಬಂದ ದುಡ್ಡು ಲೆಕ್ಕಕ್ಕೆ ಹಾಕೋದು) ಅಂತ ಇನ್ನೂ ಇವೆ, ಅದು ಟೈಪಿಂಗ್ ಬಂದರೆ ಸಾಕು. ಎಆರ್‌ಗೆ ಕೋರ್ಸೇ ಬೇಡ. ಇಂಗ್ಲಿಷ್ ಮಾತಾಡೋಕೆ ಬಂದರೆ ಕಂಪನಿಯವರೇ ತಗೊಂಡು ಕಲಿಸುತ್ತಾರೆ. ನಾನು ಒಂದು ರೂಪಾಯಿ ಕಟ್ಟಿಲ್ಲ.

ಬಿಲ್ ಕೌಂಟರ್ · ಬುಧವಾರ, ಬೆಳಿಗ್ಗೆ 7:30

ಎಲ್ಲರೂ ಅಮೆರಿಕ ಅಮೆರಿಕ ಅಂತಿದ್ದೀರಿ. ನಮ್ಮ ದೇಶದಲ್ಲೂ ಇನ್ಶೂರೆನ್ಸ್ ಬಿಲ್ಲಿಂಗ್ ಇದೆ ಸ್ವಾಮಿ. ನಾನು ಮೈಸೂರಿನ ಒಂದು ಆಸ್ಪತ್ರೆಯ ಟಿಪಿಎ ಡೆಸ್ಕ್‌ನಲ್ಲಿ, ಅಂದರೆ ಇನ್ಶೂರೆನ್ಸ್ ಕ್ಲೇಮ್ ನೋಡುವ ಕೌಂಟರ್‌ನಲ್ಲಿ ಕೂರುತ್ತೇನೆ. ದಿನಕ್ಕೆ ಕೊಡಗಿನವರೇ ನಾಲ್ಕೈದು ಜನ ಬರುತ್ತಾರೆ.

ಇಲ್ಲಿ ಕೆಲಸ ಬೇರೆ ಥರ. ಅಡ್ಮಿಟ್ ಆದ ಕೂಡಲೇ ಪ್ರೀ-ಆಥ್ (ಖರ್ಚಿಗೆ ಮುಂಚಿತ ಒಪ್ಪಿಗೆ ಕೇಳೋ ಅರ್ಜಿ) ಕಳಿಸಬೇಕು, ಡಿಸ್ಚಾರ್ಜ್ ದಿನ ಫೈನಲ್ ಬಿಲ್, ಸಮ್ಮರಿ, ಲ್ಯಾಬ್ ರಿಪೋರ್ಟ್ ಎಲ್ಲ ಕಳಿಸಬೇಕು. ನಮ್ಮ ಕ್ಲೇಮ್ ಫಾರಂನಲ್ಲೂ ಐಸಿಡಿ-10 ಕೋಡ್‌ಗೆ ಜಾಗ ಇದೆ. ಆದರೆ ಸಿಪಿಟಿ, ಮಾಡಿಫೈಯರ್ (ಸಿಪಿಟಿ ಕೋಡ್‌ಗೆ ಅಂಟಿಸುವ ಎರಡಕ್ಷರ) ಈ ರಗಳೆ ಇಲ್ಲ, ಬಹುತೇಕ ಪ್ಯಾಕೇಜ್ ಲೆಕ್ಕ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಂತೂ ಪ್ರತಿ ಚಿಕಿತ್ಸೆಗೂ ಅವರದೇ ಪ್ಯಾಕೇಜ್ ಕೋಡ್. ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್‌ಗೆ ಪ್ಯಾಕೇಜ್ ದರದ 30 ಪರ್ಸೆಂಟ್, 1.5 ಲಕ್ಷದ ಮಿತಿ. ಜನ ಇದನ್ನು ಕೇಳಿಕೊಳ್ಳದೇ ಬಂದು ಕೌಂಟರ್‌ನಲ್ಲಿ ನನ್ನ ಜೊತೆ ಜಗಳ.

ಊರ ಹತ್ತಿರ ಇರಬೇಕು ಅಂದರೆ ಈ ಕೆಲಸವನ್ನೂ ನೋಡಿ. ಸಂಬಳ ಮಾತ್ರ ಕೋಡಿಂಗಿನಷ್ಟು ಏರಲ್ಲ, ಮೊದಲೇ ಹೇಳುತ್ತೇನೆ.

ಸೋಮವಾರಪೇಟೆ ತೋಟದವ · 7:52

ಟಿಪಿಎ ಡೆಸ್ಕ್‌ನವರು ಸಿಕ್ಕಿದರಲ್ಲ! ನನ್ನದೊಂದು ಗೋಳು ಕೇಳಿ. ಹೋದ ವರ್ಷ ಹೆಂಡತಿಗೆ ಗಾಲ್‌ಬ್ಲಾಡರ್ ಆಪರೇಷನ್. ಪಾಲಿಸಿ 3 ಲಕ್ಷ. ಬಿಲ್ಲು ಬಂದಿದ್ದು ಒಂದೂವರೆ ಲಕ್ಷದೊಳಗೆ. ಪೂರ್ತಿ ಕ್ಯಾಶ್‌ಲೆಸ್ ಅಂತ ನೆಮ್ಮದಿಯಾಗಿದ್ದೆ. ಡಿಸ್ಚಾರ್ಜ್ ದಿನ 32 ಸಾವಿರ ಕಟ್ಟಿ ಅಂದರು. ಕೇಳಿದರೆ "ರೂಮ್ ದೊಡ್ಡದು ತಗೊಂಡ್ರಿ" ಅಂತ. ರೂಮಿಗೆ ದಿನಕ್ಕೆ 2 ಸಾವಿರ ಜಾಸ್ತಿ ಆಗಿರಬಹುದು, ನಾಲ್ಕು ದಿನಕ್ಕೆ 8 ಸಾವಿರ. ಉಳಿದ 24 ಎಲ್ಲಿಂದ ಬಂತು? ಇವತ್ತಿಗೂ ಅರ್ಥ ಆಗಿಲ್ಲ.

ಬಿಲ್ ಕೌಂಟರ್ · 8:10

ಅಣ್ಣ, ನಿಮ್ಮ ಪಾಲಿಸಿಯಲ್ಲಿ ರೂಮ್ ಬಾಡಿಗೆ 1 ಪರ್ಸೆಂಟ್ ಅಂತ ಇದ್ದಿರಬೇಕು. 3 ಲಕ್ಷಕ್ಕೆ ದಿನಕ್ಕೆ 3 ಸಾವಿರ. ನೀವು 5 ಸಾವಿರದ ರೂಮ್ ತಗೊಂಡಿರಿ. ಅಂದರೆ ನಿಮ್ಮ ಅರ್ಹತೆ 60 ಪರ್ಸೆಂಟ್. ಆ 60 ರೂಮಿಗೆ ಮಾತ್ರ ಅಲ್ಲ, ಸರ್ಜನ್ ಫೀಸು, ಓಟಿ ಚಾರ್ಜು, ನರ್ಸಿಂಗ್ ಎಲ್ಲಕ್ಕೂ. ಇವೆಲ್ಲ ಸೇರಿ 60 ಸಾವಿರ ಇತ್ತು ಅಂದುಕೊಳ್ಳಿ, ಕಂಪನಿ ಕೊಡೋದು 36. ಉಳಿದ 24 ನಿಮ್ಮ ತಲೆಗೆ. ಲೆಕ್ಕ ಕೂಡಿತಾ?

ಒಂದು ಮಾತು. ಔಷಧಿ, ಇಂಪ್ಲಾಂಟ್, ಲ್ಯಾಬ್ ಪರೀಕ್ಷೆಗೆ ಈ ಕಡಿತ ಹಾಕೋ ಹಾಗಿಲ್ಲ, ಇನ್ಶೂರೆನ್ಸ್ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ 2020ರಲ್ಲೇ ಹೇಳಿದೆ. ಐಸಿಯು ಚಾರ್ಜಿಗೂ ಇಲ್ಲ. ಹಳೇ ಬಿಲ್ಲು ಇದ್ದರೆ ತೆಗೆದು ಅದನ್ನು ನೋಡಿ.

ಸೋಮವಾರಪೇಟೆ ತೋಟದವ · 8:15

ಕೂಡಿತು. ಆಗ ಅಡ್ಮಿಷನ್ ಕೌಂಟರ್‌ನಲ್ಲಿ ಒಬ್ಬರಾದರೂ ಇದನ್ನು ಹೇಳಬಹುದಿತ್ತಲ್ವಾ? "ಸಾರ್, ಕಿಟಕಿ ಇರೋ ರೂಮ್ ಕೊಡ್ಲಾ" ಅಂತ ಕೇಳಿದ್ದು ಮಾತ್ರ ನೆನಪಿದೆ. ಕಿಟಕಿಗೆ 32 ಸಾವಿರ.

ನಾಪೋಕ್ಲು ಸ್ಟಿಕ್ · 8:22

ಮತ್ತೆ ಡಿಸ್ಚಾರ್ಜ್ ದಿನ ಸಂಜೆವರೆಗೆ ಕೂರಿಸೋದು ಯಾಕೆ? ಮೈಸೂರಿನಿಂದ ಕತ್ತಲಲ್ಲಿ ಗಾಡಿ ಓಡಿಸಿಕೊಂಡು ಬರಬೇಕು ನಾವು.

ಬಿಲ್ ಕೌಂಟರ್ · 8:29

2024ರ ಮೇ ತಿಂಗಳ ಐಆರ್‌ಡಿಎಐ ಸುತ್ತೋಲೆ ಪ್ರಕಾರ ಪ್ರೀ-ಆಥ್‌ಗೆ 1 ಗಂಟೆ, ಡಿಸ್ಚಾರ್ಜ್‌ಗೆ ಆಸ್ಪತ್ರೆಯಿಂದ ಕೋರಿಕೆ ಹೋದ ಮೇಲೆ 3 ಗಂಟೆ. ಆಮೇಲೆ ತಡವಾಗಿ ರೂಮ್ ಬಾಡಿಗೆ ಏರಿದರೆ ಇನ್ಶೂರೆನ್ಸ್ ಕಂಪನಿಯೇ ಕೊಡಬೇಕು. ಆದರೆ ಆ "ಕೋರಿಕೆ ಹೋದ ಮೇಲೆ" ಅನ್ನೋದನ್ನು ಗಮನಿಸಿ. ಡಾಕ್ಟರು ಬೆಳಿಗ್ಗೆ ಒಂಬತ್ತಕ್ಕೆ "ಮನೆಗೆ ಹೋಗಬಹುದು" ಅಂದಿರುತ್ತಾರೆ. ಸಮ್ಮರಿ ಸಹಿ ಆಗಿ ನನ್ನ ಕೈಗೆ ಬರೋದು ಮಧ್ಯಾಹ್ನ ಒಂದಕ್ಕೆ.

ನಿರ್ವಾಹಕ · 8:40

ಕ್ಲೇಮ್ ದೂರುಗಳಿಗೆ ಬೇರೆ ಎಳೆ ಶುರು ಮಾಡೋಣ. ಇಲ್ಲಿ ಹುಡುಗಿಯ ಪ್ರಶ್ನೆಗೆ ಬನ್ನಿ.

ಸೋಮವಾರಪೇಟೆ ತೋಟದವ · 8:41

ಕ್ಷಮಿಸಿ. ಕಿಟಕಿ ನೆನಪಾದರೆ ಹೊಟ್ಟೆ ಉರಿಯುತ್ತದೆ.

ಕೋಡರ್ ಅಕ್ಕ · 1:15

ಹುಡುಗಿ, 45 ಸಾವಿರದ ಮಾತು ಆಮೇಲೆ. ಮೊದಲು ಈ ಕೆಲಸ ನಿನಗೆ ಹಿಡಿಸುತ್ತದಾ ನೋಡು. ಚಿಕ್ಕವಳು ಅಂತ ಏಕವಚನ, ಬೇಜಾರಿಲ್ಲ ತಾನೇ? ಒಂದು ಚಾರ್ಟ್ ಕೊಡುತ್ತೇನೆ, ನಾನೇ ಕಟ್ಟಿದ್ದು, ನಿಜವಾದ ರೋಗಿ ಅಲ್ಲ. ಐಸಿಡಿ-10-ಸಿಎಂ ಪೂರ್ತಿ ಪಟ್ಟಿ, ಅದರ ಗೈಡ್‌ಲೈನ್ ಎಲ್ಲ ಅಮೆರಿಕ ಸರ್ಕಾರದ ಸಿಡಿಸಿ ವೆಬ್‌ಸೈಟಲ್ಲಿ ಪುಕ್ಕಟೆ ಸಿಗುತ್ತದೆ. ಗೈಡ್‌ಲೈನ್ ನೂರು ಚಿಲ್ಲರೆ ಪುಟ. ಮೊದಲು ಅಕಾರಾದಿ ಸೂಚಿಯಲ್ಲಿ ಹುಡುಕು, ಆಮೇಲೆ ಪಟ್ಟಿಗೆ ಹೋಗಿ ಖಾತ್ರಿ ಮಾಡು. ಸೂಚಿಯಿಂದ ನೇರ ಬರೆದರೆ ನನ್ನ ಹತ್ತಿರ ಬೈಸಿಕೊಳ್ಳುತ್ತೀಯ.

"58 ವರ್ಷದ ಗಂಡಸು. ಹೊರರೋಗಿ, ಹೊಸಬರು. ತೋಟದಲ್ಲಿ ಮೆಣಸು ಕೊಯ್ಯುವಾಗ ಮರದಿಂದ ಬಿದ್ದಿದ್ದಾರೆ. ಬಲ ಮಣಿಕಟ್ಟಿನಲ್ಲಿ ನೋವು, ಊತ. ಎಕ್ಸ್‌ರೇ: ಬಲ ರೇಡಿಯಸ್ (ಮುಂಗೈ ಮೂಳೆ), ಕೋಲಿಸ್ ಮುರಿತ (ಮಣಿಕಟ್ಟಿನ ಹತ್ತಿರದ ಒಂದು ಥರದ ಮುರಿತ), ಗಾಯ ತೆರೆದಿಲ್ಲ. ಮೂಳೆ ಎಳೆದು ಕೂರಿಸಿ ಪ್ಲಾಸ್ಟರ್ ಹಾಕಲಾಯಿತು. ಟೈಪ್ 2 ಸಕ್ಕರೆ ಕಾಯಿಲೆ, ಮೆಟ್‌ಫಾರ್ಮಿನ್ ಮಾತ್ರೆ ನಿತ್ಯ. ಬಿಪಿ, ಮಾತ್ರೆಯಲ್ಲಿ ಹಿಡಿತದಲ್ಲಿದೆ. ಆಸ್ಟಿಯೋಪೊರೋಸಿಸ್ (ಮೂಳೆ ಟೊಳ್ಳಾಗುವ ಕಾಯಿಲೆ) ಇರಬಹುದು, ಪರೀಕ್ಷೆ ಮಾಡಬೇಕು."

ಕಾಯಿಲೆ ಕೋಡ್ ಮಾತ್ರ ಬರಿ. ಬೇರೆಯವರು ಉತ್ತರ ಹೇಳಿಕೊಡಬೇಡಿ.

ಸಂಪಾಜೆ ಘಾಟಿ · 1:30

ಈ ಮನುಷ್ಯ 58 ವರ್ಷಕ್ಕೆ ಮರ ಹತ್ತಿದ್ದು ಎಂತಕ್ಕೆ? ಆಳು ಸಿಗಲಿಲ್ಲವಾ?

ರೈಟರ್ ಮಗ · 1:33

ಸಿಕ್ಕಿದ್ದರೆ ಹತ್ತುತ್ತಿದ್ದನಾ.

ಗೋಣಿಕೊಪ್ಪದ ಹುಡುಗಿ · ರಾತ್ರಿ 10:48

ಮಧ್ಯಾಹ್ನದಿಂದ ಕರೆಂಟ್ ಇರಲಿಲ್ಲ, ಫೋನಲ್ಲೇ ಹುಡುಕಿದೆ. ತಪ್ಪಿದ್ದರೆ ನಗಬೇಡಿ.

ಎಸ್52.501ಎ, ಬಲ ರೇಡಿಯಸ್ ಕೆಳ ತುದಿ ಮುರಿತ. ಡಬ್ಲ್ಯು11, ಮೂರು ಎಕ್ಸ್, ಎ, ಏಣಿಯಿಂದ ಬಿದ್ದದ್ದು. ಇ11.9 ಸಕ್ಕರೆ. ಐ10 ಬಿಪಿ. ಎಂ81.0 ಆಸ್ಟಿಯೋಪೊರೋಸಿಸ್.

ಆ ಮೂರು ಎಕ್ಸ್ ಯಾಕೆ ಅಂತ ಹುಡುಕೋಕೇ ಅರ್ಧ ಗಂಟೆ ಹೋಯ್ತು ಅಕ್ಕ. ಏಳನೇ ಜಾಗದಲ್ಲಿ ಎ ಬರಬೇಕು, ನಡುವೆ ಖಾಲಿ ಬಿಡೋ ಹಾಗಿಲ್ಲ, ಅದಕ್ಕೆ ಎಕ್ಸ್ ತುಂಬಿಸೋದು ಅಲ್ವಾ? ಗದ್ದೆಯಲ್ಲಿ ನಾಟಿ ಸಾಲು ತಪ್ಪದಿರಲಿ ಅಂತ ಹಗ್ಗ ಕಟ್ಟಿದ ಹಾಗೆ.

ಕೋಡರ್ ಅಕ್ಕ · 11:06

ಎಕ್ಸ್ ನೀನೇ ಕಂಡುಹಿಡಿದೆ ಅಂದರೆ ಅರ್ಧ ದಾರಿ ಬಂದೆ. ನನಗೆ ಟ್ರೈನಿಂಗಲ್ಲಿ ಎರಡು ದಿನ ಬೇಕಾಯ್ತು. ಆ ಎ ಅಂದರೆ ಈಗ ಚಿಕಿತ್ಸೆ ನಡೀತಾ ಇದೆ ಅಂತ. ಮೂಳೆ ಕೂಡುವ ಹಂತದಲ್ಲಿ ತೋರಿಸೋಕೆ ಬಂದರೆ ಡಿ. ಹಳೇ ಮುರಿತದಿಂದ ಮುಂದೆಂದೋ ತೊಂದರೆ ಆದರೆ ಎಸ್.

ಈಗ ತಪ್ಪುಗಳು.

501 ಅಂದರೆ "ಯಾವ ಥರದ ಮುರಿತ ಅಂತ ಹೇಳಿಲ್ಲ". ಡಾಕ್ಟರು ಹೇಳಿದ್ದಾರಲ್ಲ, ಕೋಲಿಸ್ ಅಂತ. ಹಾಗಾಗಿ ಎಸ್52.531ಎ. ಇಲ್ಲಿ ನೀನು ಪಟ್ಟಿಯಲ್ಲಿ ಇನ್ನು ಸ್ವಲ್ಪ ಕೆಳಗೆ ಹೋಗಬೇಕಿತ್ತು.

ಎಂ81.0 ತೆಗೆ. ಹೊರರೋಗಿ ಚಾರ್ಟಲ್ಲಿ "ಇರಬಹುದು", "ಸಂಶಯ", "ನೋಡಬೇಕು" ಅಂತ ಇದ್ದರೆ ಕೋಡ್ ಮಾಡಲೇಬಾರದು. ಇಲ್ಲದ ಕಾಯಿಲೆಯನ್ನು ಅವರ ದಾಖಲೆಗೆ ಅಂಟಿಸಿದ ಹಾಗೆ. ನಾಳೆ ಅವರ ಇನ್ಶೂರೆನ್ಸ್‌ಗೆ ಅದೇ ಮುಳ್ಳಾಗುತ್ತದೆ.

ಮೆಟ್‌ಫಾರ್ಮಿನ್ ನಿತ್ಯ ತಗೊಳ್ಳುತ್ತಾರೆ ಅಂತ ಬರೆದಿದೆ. ಅದಕ್ಕೆ ಝಡ್79.84 ಬಿಟ್ಟಿದ್ದೀಯ. ಎಲ್ಲರೂ ಮೊದಲು ಬಿಡೋದು ಅದನ್ನೇ.

ಇನ್ನು ಏಣಿ. ಏಣಿ ಎಲ್ಲಿಂದ ಬಂತು?

ಗೋಣಿಕೊಪ್ಪದ ಹುಡುಗಿ · 11:09

ಮೆಣಸು ಕೊಯ್ಯೋದು ಏಣಿ ಹಾಕಿಯೇ ಅಲ್ವಾ ಅಕ್ಕ? ಸಿಲ್ವರ್ ಮರ ಬರಿಗೈಯಲ್ಲಿ ಯಾರು ಹತ್ತುತ್ತಾರೆ? ನಮ್ಮ ತೋಟದಲ್ಲಿ ಒಂಟಿ ಬಿದಿರಿನ ಏಣಿ. ಅಪ್ಪ ಒಂದು ಸಲ ಅದರಿಂದಲೇ ಜಾರಿದ್ದರು.

ರೈಟರ್ ಮಗ · 11:11

ಹುಡುಗಿ ಹೇಳಿದ್ದು ನಿಜ. ಏಣಿ ಇಲ್ಲದೇ ಮೆಣಸು ಕೊಯ್ಲು ಇಲ್ಲ. ಚಾರ್ಟ್ ಬರೆದವರದ್ದೇ ತಪ್ಪು.

ಸಿದ್ದಾಪುರ ಟಸ್ಕರ್ · 11:12

ಏಣಿ. ನೂರಕ್ಕೆ ನೂರು ಏಣಿ.

ಕೋಡರ್ ಅಕ್ಕ · 11:20

ಗೊತ್ತಿತ್ತು, ಇಡೀ ಕೊಡಗು ಏಣಿ ಪರ ನಿಲ್ಲುತ್ತದೆ ಅಂತ! ಅದಕ್ಕೇ ಹಾಗೆ ಬರೆದೆ.

ಚಾರ್ಟಲ್ಲಿ "ಮರದಿಂದ ಬಿದ್ದರು" ಅಂತಿದೆ. ಡಬ್ಲ್ಯು14. ಏಣಿ ಅಂತ ಒಂದಕ್ಷರ ಇಲ್ಲ. ನನಗೂ ಗೊತ್ತು ಅದು ಏಣಿ ಅಂತ, ನನ್ನ ಅಜ್ಜನೂ ಬಿದ್ದಿದ್ದಾರೆ. ಆದರೆ ಕೋಡರ್‌ಗೆ ಗೊತ್ತಿರೋದಕ್ಕೆ ಬೆಲೆ ಇಲ್ಲ. ಡಾಕ್ಟರು ಬರೆದದ್ದಕ್ಕೆ ಮಾತ್ರ. ಅನುಮಾನ ಬಂದರೆ ಡಾಕ್ಟರಿಗೆ ಪ್ರಶ್ನೆ ಕಳಿಸಬಹುದು, ಅದಕ್ಕೆ ಕ್ವೆರಿ ಅಂತೀವಿ. ಅದೂ "ಏಣಿಯಿಂದ ತಾನೇ?" ಅಂತ ಕೇಳೋ ಹಾಗಿಲ್ಲ. "ಎಲ್ಲಿಂದ ಬಿದ್ದರು, ದಯವಿಟ್ಟು ತಿಳಿಸಿ" ಅಂತ ಕೇಳಬೇಕು.

ನನಗೆ ಗೊತ್ತಿದ್ದ ಜಾಣರು ಇದರಲ್ಲೇ ಕೆಲಸ ಕಳೆದುಕೊಂಡಿದ್ದಾರೆ. ನರ್ಸಿಂಗ್ ಓದಿ ಬಂದವರಿಗೆ ಇದು ಇನ್ನೂ ಕಷ್ಟ. ಲ್ಯಾಬ್ ರಿಪೋರ್ಟಲ್ಲಿ ಸೋಡಿಯಂ ಕಮ್ಮಿ ಕಂಡ ಕೂಡಲೇ ಕಾಯಿಲೆ ಹೆಸರು ಬರೆದುಬಿಡುತ್ತಾರೆ. ಡಾಕ್ಟರು ಬರೆದೇ ಇರಲ್ಲ.

ಬಿಲ್ ಕೌಂಟರ್ · 11:31

ಒಂದು ತಿದ್ದುಪಡಿ ಅಕ್ಕ. "ಇರಬಹುದು" ಅಂತಿದ್ದರೆ ಕೋಡ್ ಮಾಡಲೇಬಾರದು ಅಂದಿರಿ. ಅಡ್ಮಿಟ್ ಆದವರಿಗೆ ಹಾಗಲ್ಲ ಅಂತ ಓದಿದ ನೆನಪು.

ಕೋಡರ್ ಅಕ್ಕ · 11:35

ಸರಿ ಹೇಳಿದಿರಿ. ಅದಕ್ಕೇ "ಹೊರರೋಗಿ" ಅಂತ ಒತ್ತಿ ಬರೆದದ್ದು. ಒಳರೋಗಿ ಆಗಿದ್ದು, ಡಿಸ್ಚಾರ್ಜ್ ಹೊತ್ತಿಗೂ ಡಾಕ್ಟರು "ಇರಬಹುದು" ಅಂತಲೇ ಬರೆದಿದ್ದರೆ ಆಸ್ಪತ್ರೆ ಬಿಲ್ಲಿಗೆ ಅದನ್ನು ಇದೆ ಅಂತಲೇ ಕೋಡ್ ಮಾಡೋದು. ವಿಚಿತ್ರ, ಆದರೆ ನಿಯಮ. ಮತ್ತೆ, ಆಸ್ಟಿಯೋಪೊರೋಸಿಸ್ ಖಚಿತ ಇದ್ದು, ಗಟ್ಟಿ ಮೂಳೆ ಮುರಿಯದಂಥ ಸಣ್ಣ ಎಡವಟ್ಟಿಗೆ ಮುರಿದಿದ್ದರೆ ಎಸ್52 ಕೋಡೇ ಬರಲ್ಲ, ಎಂ80ಕ್ಕೆ ಹೋಗಬೇಕು.

ರಾತ್ರಿ ಪಾಳಿ · ಗುರುವಾರ, ಬೆಳಗಿನ ಜಾವ 2:10

ಸಿಪಿಟಿ ಭಾಗ ನಾನು ಹೇಳಲಾ? 25605, ಮಣಿಕಟ್ಟಿನ ಮೂಳೆ ಎಳೆದು ಕೂರಿಸಿದ್ದು. ಬಲಗೈಗೆ ಆರ್‌ಟಿ. ಹೊಸ ರೋಗಿಯ ಭೇಟಿ 99203, ಅದಕ್ಕೆ ಮಾಡಿಫೈಯರ್ 25. ಪ್ಲಾಸ್ಟರ್‌ಗೆ 29075.

ಕೋಡರ್ ಅಕ್ಕ · ಬೆಳಿಗ್ಗೆ 9:40

ಪ್ಲಾಸ್ಟರ್‌ಗೆ ಬೇರೆ ಹಾಕಿದರೆ ನಿಮಗೇ ಕೆಲಸ ಜಾಸ್ತಿ ಆಗುತ್ತದೆ ಅಣ್ಣ! ಮೊದಲ ಪ್ಲಾಸ್ಟರ್ 25605ರ ಒಳಗೇ ಇದೆ. ಮಾಡಿಫೈಯರೂ 25 ಅಲ್ಲ, 57. ಆ ಕೋಡ್‌ಗೆ 90 ದಿನದ ಗ್ಲೋಬಲ್ ಇದೆ, ಅಂದರೆ ಆಮೇಲಿನ 90 ದಿನದ ಮಾಮೂಲಿ ಆರೈಕೆಯೂ ಅದೇ ದುಡ್ಡಲ್ಲಿ. ದೊಡ್ಡ ಪ್ರೊಸೀಜರ್ ಮಾಡೋಣ ಅಂತ ತೀರ್ಮಾನ ಆದ ಭೇಟಿಗೆ 57. 25 ಚಿಕ್ಕಪುಟ್ಟದ್ದಕ್ಕೆ.

ರಾತ್ರಿ ಪಾಳಿ · 11:58

ಎದ್ದೆ ಈಗ. ಹೌದಲ್ಲ, ಸಿಓ-97! "ಇದರ ದುಡ್ಡು ಇನ್ನೊಂದರಲ್ಲಿ ಸೇರಿದೆ." ವಾರಕ್ಕೆ ಹತ್ತು ಸಲ ಅದೇ ಡಿನಯಲ್‌ಗೆ ಫೋನ್ ಮಾಡುತ್ತೇನೆ, ನಾನೇ ಅದನ್ನು ಹಾಕಿದೆ. ಆರು ವರ್ಷ ಮಾಡಿಯೂ ಹೀಗೆ, ನೋಡಿಕೊಳ್ಳಿ.

ಗೋಣಿಕೊಪ್ಪದ ಹುಡುಗಿ · ಮಧ್ಯಾಹ್ನ 1:20

ಊಟದ ಹೊತ್ತಲ್ಲಿ ಓದುತ್ತಿದ್ದೇನೆ. ಪರೀಕ್ಷೆ ಅಂದಿರಲ್ಲ, ಅದು ಯಾವುದು? ಸೆಂಟರ್‌ನವರು "ನಾವೇ ಸರ್ಟಿಫಿಕೇಟ್ ಕೊಡುತ್ತೇವೆ" ಅಂದಿದ್ದರು.

ಕೋಡರ್ ಅಕ್ಕ · 1:44

ಅವರ ಸರ್ಟಿಫಿಕೇಟ್ ಗೋಡೆಗೆ ಹಾಕೋಕೆ ಚೆನ್ನಾಗಿರುತ್ತದೆ. ಕಂಪನಿಗಳು ಕೇಳೋದು ಎಎಪಿಸಿ ಅನ್ನುವ ಸಂಸ್ಥೆಯ ಸಿಪಿಸಿ, ಅಥವಾ ಇನ್ನೊಂದು ಸಂಸ್ಥೆ ಎಎಚ್‌ಐಎಂಎಯ ಸಿಸಿಎಸ್. ಸಿಪಿಸಿಗೆ 100 ಪ್ರಶ್ನೆ, 4 ಗಂಟೆ, 70 ಪರ್ಸೆಂಟ್ ಬಂದರೆ ಪಾಸ್. 2022ಕ್ಕಿಂತ ಮೊದಲು 150 ಪ್ರಶ್ನೆ ಇತ್ತು, ನನ್ನ ಬ್ಯಾಚ್ ಅದರಲ್ಲಿ ಬೆಂದದ್ದು. ಅನುಭವ ಇಲ್ಲದೇ ಪಾಸಾದರೆ ಹೆಸರ ಮುಂದೆ ಸಿಪಿಸಿ-ಎ. ಎ ಅಂದರೆ ಅಪ್ರೆಂಟಿಸ್. ಎರಡು ವರ್ಷ ಕೆಲಸ ಮಾಡಿದ್ದು ತೋರಿಸಿದರೆ ಆ ಎ ಹೋಗುತ್ತದೆ.

ಸೆಂಟರ್‌ನವರಿಗೆ ಮೂರು ಮಾತು ಕೇಳು. 45 ಸಾವಿರದಲ್ಲಿ ಸಿಪಿಸಿ ಪರೀಕ್ಷೆ ಫೀಸು ಸೇರಿದೆಯಾ? ಈ ವರ್ಷದ ಪುಸ್ತಕ ಕೊಡುತ್ತೀರಾ? ಗ್ಯಾರಂಟಿ ಅಂದಿರಲ್ಲ, ಕೆಲಸ ಸಿಗದಿದ್ದರೆ ದುಡ್ಡು ವಾಪಸ್ ಅಂತ ಬರೆದು ಕೊಡುತ್ತೀರಾ? ಮೂರನೆಯದಕ್ಕೆ ಲೈನ್ ಕಟ್ ಆಗುವ ಸಂಭವ ಜಾಸ್ತಿ.

ನಾಪೋಕ್ಲು ಸ್ಟಿಕ್ · 2:05

ನನ್ನ ತಂಗಿ ಕೋರ್ಸ್ ಮಾಡಿಯೇ ಕೆಲಸ ಹಿಡಿದಳು. ಎಲ್ಲ ಸೆಂಟರ್ ಮೋಸ ಅಂತಲ್ಲ. ಮನೆಯಲ್ಲಿ ಕೂತು ಒಬ್ಬಳೇ ಓದೋಕೆ ಎಲ್ಲರಿಗೂ ಆಗಲ್ಲ. ಅಂಗರಚನೆ ಹೇಳಿಕೊಟ್ಟ ಮೇಷ್ಟ್ರಿಲ್ಲದಿದ್ದರೆ ನಾನು ಪಾಸಾಗುತ್ತಿರಲಿಲ್ಲ ಅನ್ನುತ್ತಾಳೆ.

ಕೋಡರ್ ಅಕ್ಕ · 2:11

ಒಪ್ಪಿದೆ. ನಾನು ಬೇಡ ಅನ್ನಲಿಲ್ಲ, ಕೇಳಿ ಕಟ್ಟು ಅಂದೆ.

ಭಾಗಮಂಡಲ ಮಳೆ · 2:30

ವರ್ಕ್ ಫ್ರಂ ಹೋಮ್ ಕನಸು ಮಾತ್ರ ಇಟ್ಟುಕೊಳ್ಳಬೇಡಿ. ನಾನು ಒಂದು ಕಕ್ಕಡ (ಜೋರು ಮಳೆಯ ತಿಂಗಳು) ಪೂರ್ತಿ ಮನೆಯಿಂದ ಕೋಡಿಂಗ್ ಮಾಡಿದ್ದೇನೆ. ಕರೆಂಟ್ ಹೋದರೆ ಯುಪಿಎಸ್ ಎರಡು ಗಂಟೆ. ಮರ ಬಿದ್ದು ಕೇಬಲ್ ತುಂಡಾದರೆ ಮೂರು ದಿನ. ಮೊಬೈಲ್ ಹಿಡಿದು ಗುಡ್ಡ ಹತ್ತೋಣ ಅಂದರೆ, ರೋಗಿಗಳ ಮಾಹಿತಿ ಹೊರಗೆ ತೆರೆಯೋ ಹಾಗಿಲ್ಲ. ಎಚ್‌ಐಪಿಎಎ ಅಂತ 1996ರ ಅಮೆರಿಕದ ಕಾನೂನು. ಬಾಗಿಲು ಹಾಕಿದ ಕೋಣೆ ಇರಬೇಕು, ಬೇರೆ ಯಾರೂ ಪರದೆ ನೋಡಬಾರದು ಅಂತ ನಮ್ಮ ಕಂಪನಿ ನಿಯಮ. ನಮ್ಮ ಮನೆಯಲ್ಲಿ ಬಾಗಿಲು ಹಾಕಿದರೆ ಅಜ್ಜಿ "ಹುಷಾರಿಲ್ವಾ" ಅಂತ ಕಷಾಯ ಹಿಡಿದು ಬರುತ್ತಿದ್ದರು. ಕೊನೆಗೆ ಮೈಸೂರಿಗೆ ಪಿಜಿಗೆ ಹೋದೆ.

ಸಂಪಾಜೆ ಘಾಟಿ · 2:41

ಆ ಅಜ್ಜಿಗೆ ಒಂದು ಕೋಡ್ ಉಂಟಾ?

ಅಂಚೆಪೇಟೆ · 4:15

ಇಷ್ಟೆಲ್ಲ ಕಲಿತು ಏನು ಪ್ರಯೋಜನ, ಇನ್ನು ಎಲ್ಲ ಎಐ ಮಾಡುತ್ತದೆ.

ಕೋಡರ್ ಅಕ್ಕ · 4:50

ಈ ಮಾತು ಬರಲಿಲ್ಲವಲ್ಲ ಅಂತ ಕಾಯುತ್ತಿದ್ದೆ. ಸುಲಭದ ಚಾರ್ಟ್ ಮಷಿನ್ ಮಾಡುತ್ತದೆ, ಸುಳ್ಳಲ್ಲ. ಎಕ್ಸ್‌ರೇ ರಿಪೋರ್ಟಿನಂಥದ್ದು ನಮ್ಮ ಟೀಮಲ್ಲಿ ಆಗಲೇ ಕಮ್ಮಿ ಆಗಿದೆ. ಈಗ ಅದು ಹಾಕಿದ ಕೋಡನ್ನು ನಾವು ತಪಾಸಣೆ ಮಾಡುತ್ತೇವೆ. ಮೊನ್ನೆ ಒಂದು ಚಾರ್ಟಲ್ಲಿ "ತಾಯಿಗೆ ಸಕ್ಕರೆ ಕಾಯಿಲೆ" ಅಂತಿತ್ತು. ಮಷಿನ್ ಮಗಳಿಗೆ ಇ11.9 ಹಾಕಿತ್ತು. ಹಿಡಿದದ್ದು ಎರಡು ತಿಂಗಳ ಹಿಂದೆ ಸೇರಿದ ಹುಡುಗ. ಹತ್ತು ವರ್ಷಕ್ಕೆ ಹೇಗಿರುತ್ತದೋ ನನಗೂ ಭಯ ಇದೆ. ಅದಕ್ಕೆ ನಾನೂ ಈಗ ಆಡಿಟ್ ಕಡೆ ಓದುತ್ತಿದ್ದೇನೆ.

ಗೋಣಿಕೊಪ್ಪದ ಹುಡುಗಿ · ರಾತ್ರಿ 9:35

ಸೆಂಟರ್‌ಗೆ ಫೋನ್ ಮಾಡಿದೆ. ಪರೀಕ್ಷೆ ಫೀಸು ಸೇರಿಲ್ಲವಂತೆ. ಪುಸ್ತಕ "ಸಾಫ್ಟ್ ಕಾಪಿ ಕಳಿಸುತ್ತೇವೆ" ಅಂದರು. ಮೂರನೇ ಪ್ರಶ್ನೆಗೆ "ಮೇಡಂ ಮೀಟಿಂಗ್‌ನಲ್ಲಿದ್ದಾರೆ" ಅಂತ ಇಟ್ಟರು. ಸಂಜೆ ಅವರೇ ವಾಪಸ್ ಮಾಡಿ 30 ಸಾವಿರಕ್ಕೆ ಇಳಿಸಿದರು!

ಕಟ್ಟಲಿಲ್ಲ. ಎರಡು ತಿಂಗಳು ಗೈಡ್‌ಲೈನ್ ಓದಿ ನೋಡುತ್ತೇನೆ, ಅಂಗರಚನೆಗೆ ನನ್ನ ಬಿಎಸ್ಸಿ ಪುಸ್ತಕಗಳೇ ಇವೆ. ಆಮೇಲೂ ಇಷ್ಟ ಉಳಿದರೆ ಸರಿಯಾದ ಕಡೆ ಸೇರುತ್ತೇನೆ.

ಅಪ್ಪನಿಗೆ ಚಾರ್ಟ್ ಓದಿ ಹೇಳಿದೆ. "ಡಾಕ್ಟರ್‌ಗೆ ನಾನು ಏಣಿ ಅಂತಲೇ ಹೇಳಿದ್ದೆ" ಅಂದರು. ಇದು ನಿಮ್ಮ ಚಾರ್ಟ್ ಅಲ್ಲಪ್ಪ ಅಂದರೆ ಕೇಳುತ್ತಿಲ್ಲ.

ಅಕ್ಕ, ಎರಡನೇ ಚಾರ್ಟ್ ಯಾವಾಗ?

ಕೋಡರ್ ಅಕ್ಕ · 9:52

ಭಾನುವಾರ. ಜಿಗಣೆ ಇರೋದು ಹಾಕುತ್ತೇನೆ. ಫೋನ್ ಚಾರ್ಜ್ ಮಾಡಿಟ್ಟುಕೋ.